ಪಾರಿವಾಳದ ಎದೆ, ಕೋಳಿಯ ಎದೆ

ನಾವು ನೆಲಸಿರುವ ಮಹಾನಗರಗಳ ಯಾವ ಮಾರುಕಟ್ಟೆಯ ಬೀದಿಗೆ ಹೋದರೂ ಎರಡು ಹಕ್ಕಿಗಳು ಒಂದೇ ನೋಟಕ್ಕೆ ಸಿಗುತ್ತವೆ. ಕೋಳಿ ಅಂಗಡಿಯ ಮುಂದಿನ ತಂತಿಯ ಪಂಜರದಲ್ಲಿ ಬಿಳಿಯ ಬ್ರಾಯ್ಲರ್ ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಅದೇ ಅಂಗಡಿಯ ಮೇಲಿನ ಸಜ್ಜೆಯಲ್ಲಿ ಪಾರಿವಾಳಗಳ ಸಾಲು ಇರುತ್ತದೆ. ಪಕ್ಕದ ಮಳಿಗೆಯವರು ಷಟರನ್ನು ದಡಾರನೆ ಎಳೆದರೆ ಪಾರಿವಾಳಗಳು ಒಮ್ಮೆಲೇ ಮೇಲೆದ್ದು, ಕಟ್ಟಡಗಳ ನೆತ್ತಿಯ ಮೇಲೆ ನಾಲ್ಕಾರು ಸುತ್ತು ಹಾಕಿ, ದಣಿವಿನ ಸುಳಿವೂ ಇಲ್ಲದೆ ಮತ್ತೆ ಬಂದು ಕೂರುತ್ತವೆ. ಪಂಜರದ ಕೋಳಿಗಳು ರೆಕ್ಕೆಯನ್ನು ಒಂದೆರಡು ಬಾರಿ ಬಡಿದು ಸುಮ್ಮನಾಗುತ್ತವೆ.

ಈ ಎರಡೂ ಹಕ್ಕಿಗಳಿಗೆ ರೆಕ್ಕೆಯಿದೆ. ರೆಕ್ಕೆಯನ್ನು ಕೆಳಕ್ಕೆಳೆಯುವ ಎದೆಯ ಸ್ನಾಯುವಿದೆ. ಆ ಸ್ನಾಯುವಿಗೆ ಆಸರೆಯಾಗಿ ದೋಣಿಯ ತಳದಂತೆ ಮುಂಚಾಚಿದ ಎದೆಮೂಳೆಯೂ ಇದೆ. ಆದರೆ ಕೋಳಿಯ ಎದೆಯ ಮಾಂಸ ತಿಳಿಗುಲಾಬಿ ಬಣ್ಣದ್ದು, ಬೆಂದರೆ ಬೆಳ್ಳಗಾಗುತ್ತದೆ. ಪಾರಿವಾಳದ ಎದೆಯ ಮಾಂಸ ಪಿತ್ತಜನಕಾಂಗದಷ್ಟು ಕಡುಗೆಂಪು. ಕೋಳಿಯ ಕಾಲಿನ ಮಾಂಸವಾದರೋ ಅದರ ಎದೆಯದಕ್ಕಿಂತ ಬೇರೆಯೇ ಆದ ಗಾಢ ಬಣ್ಣದ್ದು. ಒಂದೇ ಅಂಗ ಎರಡು ಹಕ್ಕಿಗಳಲ್ಲಿ ಎರಡು ಬಣ್ಣ ತಾಳುವುದೇಕೆ, ಒಂದೇ ಹಕ್ಕಿಯ ಎರಡು ಅಂಗಗಳಲ್ಲಿ ಬಣ್ಣ ಬೇರೆಯಾಗುವುದೇಕೆ ಎಂಬ ಪ್ರಶ್ನೆ ಅಡುಗೆ ಮಾಡುವ ಎಲ್ಲರಿಗೂ ಎದುರಾಗಬಹುದಾದ ಸರಳ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ವಿಜ್ಞಾನಕ್ಕೆ ಮುನ್ನೂರು ವರ್ಷಗಳೇ ಬೇಕಾದವು. ಆ ಹುಡುಕಾಟದ ದಾರಿ ಫ್ಲಾರೆನ್ಸ್, ಪ್ಯಾರಿಸ್, ಷೆಫೀಲ್ಡ್‌ಗಳ ಮೂಲಕ ಸಾಗಿ ನಮಗೆ ಹತ್ತಿರದ ಬರೋಡಕ್ಕೂ ಬಂದಿತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ.

ಮಾಂಸದ ಗುಣವು ಪ್ರಾಣಿಯ ಬದುಕಿನ ರೀತಿಯನ್ನು ಅವಲಂಬಿಸಿದೆ ಎಂಬ ಭಾವನೆ ನಮ್ಮ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯು ಪಕ್ಷಿಗಳನ್ನು ಅವು ತಿನ್ನುವ ಬಗೆಯಿಂದ ವಿಂಗಡಿಸುತ್ತದೆ. ನೆಲವನ್ನು ಕೆದಕಿ, ಚೆದರಿಸಿ ತಿನ್ನುವ ಕೋಳಿ, ಲಾವುಗೆಗಳಂಥವು ವಿಷ್ಕಿರಗಳು; ಕೊಕ್ಕಿನಿಂದ ಕುಕ್ಕಿ ತಿನ್ನುವ ಪಾರಿವಾಳ, ಗಿಳಿಗಳಂಥವು ಪ್ರತುದಗಳು. ಮಾಂಸದ ಗುಣವನ್ನು ನಿರ್ಣಯಿಸುವಾಗ ಪ್ರಾಣಿಯ ಸಂಚಾರ, ದೇಹದ ಅವಯವ, ಸ್ವಭಾವ, ಕ್ರಿಯೆ ಮೊದಲಾದವನ್ನು ಪರಿಗಣಿಸಬೇಕೆಂದೂ ಅದು ಹೇಳುತ್ತದೆ. ಇದರಿಂದ ಸ್ನಾಯುವಿನ ಸೂಕ್ಷ್ಮ ರಚನೆ ಪ್ರಾಚೀನರಿಗೆ ತಿಳಿದಿತ್ತೆಂದು ವಾದಿಸಲು ಹೊರಡುವುದು ಸಲ್ಲದು. ಆದರೆ ಕೋಳಿಯನ್ನೂ ಪಾರಿವಾಳವನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದ ಆ ವೈದ್ಯರು ಗಮನಿಸುವುದರಲ್ಲಿ ಹಿಂದೆ ಬಿದ್ದವರಲ್ಲವೆಂದಷ್ಟೇ ಹೇಳಬಹುದು.

ಯುರೋಪಿನಲ್ಲಿ ಕೆಂಪು ಮತ್ತು ಬಿಳಿ ಸ್ನಾಯುಗಳ ಭೇದವನ್ನು ಮೊದಲು ಬರಹಕ್ಕಿಳಿಸಿದವನು ಫ್ಲಾರೆನ್ಸಿನ ಸ್ಟೆಫಾನೊ ಲೊರೆಂಜಿನಿ. 1678ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ವಿಷಯ ಹಕ್ಕಿಯಲ್ಲ, ಮುಟ್ಟಿದವರಿಗೆ ವಿದ್ಯುದಾಘಾತ ನೀಡುವ ಟಾರ್ಪೀಡೊ ಮೀನು. ತೊರಕೆ ಮತ್ತು ಶಾರ್ಕ್ ಮೀನುಗಳ ತಲೆಯಲ್ಲಿರುವ ಸೂಕ್ಷ್ಮ ಸಂವೇದನಾಂಗಗಳಿಗೆ ಇಂದಿಗೂ ಲೊರೆಂಜಿನಿಯ ಹೆಸರೇ ಉಳಿದಿದೆ. ಅದೇ ಪುಸ್ತಕದಲ್ಲಿ ಅವನು ಮೊಲದ ದೇಹದಲ್ಲಿ ಕೆಲವು ಸ್ನಾಯುಗಳು ಕೆಂಪಾಗಿಯೂ ಕೆಲವು ಬಿಳಿಯಾಗಿಯೂ ಇರುವುದನ್ನು ಗುರುತಿಸಿದ. ಆ ಮಾತು ಬಹುಕಾಲ ಹಾಗೆಯೇ ಉಳಿಯಿತು. ಕೆಂಪಿಗೆ ಕಾರಣ ರಕ್ತವೆಂಬುದೇ ಸಾಮಾನ್ಯ ನಂಬಿಕೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವಿಲ್ಲಿ ಕ್ಯೂನೆ ರಕ್ತವನ್ನೆಲ್ಲ ತೊಳೆದುಹಾಕಿದ ಮೇಲೂ ಸ್ನಾಯುವಿನಲ್ಲಿ ಕೆಂಪು ಉಳಿಯುತ್ತದೆಂದು ತೋರಿಸಿದ. ಆ ಕೆಂಪು ಸ್ನಾಯುವಿನ ಸ್ವಂತದ್ದು. ಇಂದು ಅದನ್ನು ಮಯೋಗ್ಲೋಬಿನ್ ಎನ್ನುತ್ತೇವೆ. ರಕ್ತದ ಹಿಮೋಗ್ಲೋಬಿನ್ನಿನ ಈ ದಾಯಾದಿ ಆಮ್ಲಜನಕವನ್ನು ಸ್ನಾಯುವಿನ ಒಳಗೆ ಬರಮಾಡಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ.

ಬಣ್ಣಕ್ಕೂ ಕೆಲಸಕ್ಕೂ ಸಂಬಂಧವಿದೆಯೇ ಎಂದು ಪ್ರಯೋಗಕ್ಕೆ ಒಡ್ಡಿದವನು ಪ್ಯಾರಿಸಿನ ಲೂಯಿ ಆಂಟ್ವಾನ್ ರಾನ್ವಿಯೆ. ಕಾಲೇಜ್ ದ ಫ್ರಾನ್ಸಿನ ಪ್ರಯೋಗಾಲಯದಲ್ಲಿ 1873 ಮತ್ತು 1874ರಲ್ಲಿ ಅವನು ಮೊಲ ಹಾಗೂ ತೊರಕೆ ಮೀನುಗಳ ಸ್ನಾಯುಗಳಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ಅವುಗಳ ಸಂಕೋಚನವನ್ನು ಅಳೆದ. ಬಿಳಿ ಸ್ನಾಯು ಚುರುಕಾಗಿ ಕುಗ್ಗಿ ಚುರುಕಾಗಿ ಸಡಿಲಗೊಂಡಿತು. ಕೆಂಪು ಸ್ನಾಯು ನಿಧಾನವಾಗಿ ಕುಗ್ಗಿ ಹೆಚ್ಚು ಹೊತ್ತು ಬಿಗಿಯಾಗಿ ನಿಂತಿತು. ಕೆಂಪೆಂದರೆ ನಿಧಾನ, ಬಿಳಿಯೆಂದರೆ ವೇಗ ಎಂಬ ಸೂತ್ರ ಹುಟ್ಟಿದ್ದು ಹೀಗೆ. ಸೂತ್ರ ಅಂದವಾಗಿತ್ತು, ನೆನಪಿಡಲು ಸುಲಭವಾಗಿತ್ತು. ಪಠ್ಯಪುಸ್ತಕಗಳಲ್ಲಿ ಬಲವಾಗಿ ನೆಲೆಯೂರಿತು.

ಆ ಸೂತ್ರಕ್ಕೆ ಹಕ್ಕಿಗಳು ಒಗ್ಗಲಿಲ್ಲ. ಪಾರಿವಾಳದ ಎದೆ ಕಡುಗೆಂಪು. ಆದರೆ ಅದರ ರೆಕ್ಕೆಬಡಿತ ನಿಧಾನವೆಂದು ಯಾರೂ ಹೇಳಲಾರರು. ಒಂದು ಸೆಕೆಂಡಿನಲ್ಲಿ ಹಲವು ಬಾರಿ ರೆಕ್ಕೆ ಬಡಿದು ಗಂಟೆಗಟ್ಟಲೆ ಹಾರಬಲ್ಲ ಹಕ್ಕಿ ಅದು. ಝೇಂಕಾರದ ಹಕ್ಕಿಯ ರೆಕ್ಕೆಗಳಂತೂ ಕಣ್ಣಿಗೆ ಕಾಣದಷ್ಟು ವೇಗವಾಗಿ ಚಲಿಸುತ್ತವೆ. ಅದರ ಹಾರಾಟದ ಸ್ನಾಯುವಿನಲ್ಲಿರುವುದೆಲ್ಲ ಕೆಂಪು ಎಳೆಗಳೇ. ಅಂದರೆ ವೇಗದ ಪ್ರಶ್ನೆ ಬೇರೆ, ಬಣ್ಣದ ಪ್ರಶ್ನೆ ಬೇರೆ. ಸ್ನಾಯು ಎಷ್ಟು ಬೇಗ ಕುಗ್ಗುತ್ತದೆ ಎಂಬುದು ಒಂದು ಗುಣ. ಕುಗ್ಗಲು ಬೇಕಾದ ಶಕ್ತಿಯನ್ನು ಅದು ಹೇಗೆ ಸಂಪಾದಿಸುತ್ತದೆ ಎಂಬುದು ಇನ್ನೊಂದು ಗುಣ. ಈ ಎರಡನ್ನು ಬೇರ್ಪಡಿಸಿ ನೋಡಬೇಕಾದರೆ ಸ್ನಾಯುವಿನ ಒಳಗಿನ ಉಸಿರಾಟದ ರಹಸ್ಯ ತಿಳಿಯಬೇಕಾಗಿತ್ತು. ಆ ರಹಸ್ಯವನ್ನು ಬಿಡಿಸುವಲ್ಲಿ ಪಾರಿವಾಳದ ಎದೆಗೆ ದೊಡ್ಡ ಪಾತ್ರ ದೊರೆಯಿತು.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಚಾರ್ಲ್ಸ್ ಮ್ಯಾಕ್‌ಮನ್ ಎಂಬ ಐರಿಷ್ ವೈದ್ಯರಿದ್ದರು. ರೋಗಿಗಳನ್ನು ನೋಡುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅವರು ಪ್ರಾಣಿಗಳ ಅಂಗಾಂಶಗಳನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. 1880ರ ದಶಕದಲ್ಲಿ ಅವರಿಗೆ ಸ್ನಾಯುಗಳಲ್ಲಿ ಹಿಮೋಗ್ಲೋಬಿನ್ನಿನದಲ್ಲದ ಕಪ್ಪು ಪಟ್ಟಿಗಳು ಕಂಡವು. ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲದ ಕೀಟಗಳ ಸ್ನಾಯುಗಳಲ್ಲೂ ಅವೇ ಪಟ್ಟಿಗಳಿದ್ದವು. ಇದು ಜೀವಕೋಶಗಳ ಉಸಿರಾಟಕ್ಕೆ ಸಂಬಂಧಿಸಿದ ವರ್ಣದ್ರವ್ಯವಿರಬೇಕೆಂದು ಅವರು ಊಹಿಸಿದರು. ಆ ಕಾಲದ ಜೀವರಸಾಯನಶಾಸ್ತ್ರದಲ್ಲಿ ಸರ್ವಮಾನ್ಯರಾಗಿದ್ದ ಸ್ಟ್ರಾಸ್‌ಬರ್ಗಿನ ಫೆಲಿಕ್ಸ್ ಹೋಪ್-ಸೈಲರ್ ಇದನ್ನು ಒಪ್ಪಲಿಲ್ಲ. ಮ್ಯಾಕ್‌ಮನ್ ಕಂಡದ್ದು ಹಿಮೋಗ್ಲೋಬಿನ್ನಿನ ಕೆಟ್ಟುಹೋದ ರೂಪವಷ್ಟೇ ಎಂಬುದು ಅವರ ಪಕ್ಷದ ವಾದ. ಈ ವಿವಾದದಲ್ಲಿ ಎರಡೂ ಕಡೆಯವರ ಪರೀಕ್ಷೆಗೆ ಒಳಗಾದ ವಸ್ತುಗಳಲ್ಲಿ ಪಾರಿವಾಳದ ಎದೆಯ ಸ್ನಾಯುವೂ ಒಂದು. ಕೊನೆಗೆ ಹೋಪ್-ಸೈಲರ್ ತಾವೇ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಚರ್ಚೆಗೆ ತೆರೆ ಎಳೆದರು. ಸಾಮಾನ್ಯ ವೈದ್ಯನ ಮಾತಿಗಿಂತ ವಿಶ್ವವಿದ್ಯಾಲಯದ ಆಚಾರ್ಯರ ಮಾತಿಗೆ ತೂಕ ಹೆಚ್ಚಾಯಿತು. ಮ್ಯಾಕ್‌ಮನ್ 1911ರಲ್ಲಿ ತೀರಿಕೊಂಡರು.

ಅವರಿಗೆ ನ್ಯಾಯ ಸಂದದ್ದು 1925ರಲ್ಲಿ. ಕೇಂಬ್ರಿಜಿನಲ್ಲಿ ಕೀಟಗಳನ್ನು ಅಭ್ಯಸಿಸುತ್ತಿದ್ದ ಡೇವಿಡ್ ಕೈಲಿನ್ ಅವರಿಗೆ ಕೀಟಗಳ ಹಾರಾಟದ ಸ್ನಾಯುಗಳಲ್ಲಿ ಮ್ಯಾಕ್‌ಮನ್ ವರ್ಣಿಸಿದ್ದ ಪಟ್ಟಿಗಳೇ ಮತ್ತೆ ಕಂಡವು. ಆಮ್ಲಜನಕ ಸಿಕ್ಕಾಗ ಆ ಪಟ್ಟಿಗಳು ಮಾಯವಾಗುತ್ತಿದ್ದವು, ಆಮ್ಲಜನಕ ಮುಗಿದಾಗ ಮರಳಿ ಮೂಡುತ್ತಿದ್ದವು. ಕೈಲಿನ್ ಈ ದ್ರವ್ಯಗಳಿಗೆ ಸೈಟೋಕ್ರೋಮ್ ಎಂಬ ಹೊಸ ಹೆಸರಿಟ್ಟರು. ಆದರೆ ತಮಗಿಂತ ಮುಂಚೆ ಇವನ್ನು ಕಂಡವರು ಮ್ಯಾಕ್‌ಮನ್ ಎಂದು ಸ್ಪಷ್ಟವಾಗಿ ಬರೆದರು. ಕೆಂಪು ಸ್ನಾಯುವಿನ ಗಾಢ ಬಣ್ಣದಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಜೊತೆಗೆ ಆಮ್ಲಜನಕವನ್ನು ಬಳಸುವ ಸೈಟೋಕ್ರೋಮುಗಳ ಪಾಲೂ ಇದೆಯೆಂಬುದು ಹೀಗೆ ಸ್ಥಿರಪಟ್ಟಿತು.

ಪಾರಿವಾಳದ ಎದೆಯ ಸ್ನಾಯು ಇನ್ನೊಂದು ಕಾರಣದಿಂದಲೂ ಜೀವರಸಾಯನಜ್ಞರ ಮೆಚ್ಚಿನ ವಸ್ತುವಾಯಿತು. ಬೇರೆ ಅಂಗಾಂಶಗಳನ್ನು ಕೊಚ್ಚಿದರೆ ಅವುಗಳ ಉಸಿರಾಟ ಬೇಗ ಕುಂದುತ್ತದೆ. ಕೊಚ್ಚಿದ ಪಾರಿವಾಳದ ಎದೆಯಾದರೋ ಸ್ವಲ್ಪ ಹೊತ್ತು ರಭಸದಿಂದಲೇ ಆಮ್ಲಜನಕವನ್ನು ಹೀರುತ್ತಿರುತ್ತದೆ. ಹಂಗೇರಿಯ ಸೆಗೆಡ್ ನಗರದಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಇದನ್ನು ಬಳಸಿ ಕೆಲವು ಸಾವಯವ ಆಮ್ಲಗಳು ಉಸಿರಾಟವನ್ನು ಉತ್ತೇಜಿಸುವ ಬಗೆಯನ್ನು ತೋರಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹಾನ್ಸ್ ಕ್ರೆಬ್ಸ್ ಈ ಕೆಲಸವನ್ನು ಮುಂದುವರಿಸಿದರು. ಯೆಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯ ಹುದ್ದೆ ಕಳೆದುಕೊಂಡು ಬಂದಿದ್ದವರು ಅವರು. ವಿಲಿಯಂ ಜಾನ್ಸನ್ ಎಂಬ ವಿದ್ಯಾರ್ಥಿಯೊಡನೆ ಅವರು ಕೊಚ್ಚಿದ ಪಾರಿವಾಳದ ಎದೆಗೆ ಅತ್ಯಲ್ಪ ಸಿಟ್ರಿಕ್ ಆಮ್ಲ ಸೇರಿಸಿ ನೋಡಿದಾಗ, ಸೇರಿಸಿದ ಆಮ್ಲ ಉರಿಯಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಆಮ್ಲಜನಕ ಖರ್ಚಾಯಿತು. ಅಂದರೆ ಆ ಆಮ್ಲ ಬರಿಯ ಸೌದೆಯಲ್ಲ. ತಿರುಗುವ ಚಕ್ರದ ಒಂದು ಅರೆಕಾಲು. ಆಹಾರದಿಂದ ಶಕ್ತಿ ಪಡೆಯುವ ಸಿಟ್ರಿಕ್ ಆಮ್ಲ ಚಕ್ರದ ಕಲ್ಪನೆ ಹೀಗೆ ಪೂರ್ಣಗೊಂಡಿತು. ಕ್ರೆಬ್ಸ್ ಕಳಿಸಿದ ಕಿರುಲೇಖನವನ್ನು ನೇಚರ್ ಪತ್ರಿಕೆ ಸ್ಥಳಾಭಾವದ ಕಾರಣ ಹೇಳಿ ಹಿಂದಿರುಗಿಸಿತು. ಅದು ಹಾಲೆಂಡಿನ ಎನ್ಜೈಮೋಲೋಜಿಯಾ ಪತ್ರಿಕೆಯಲ್ಲಿ ಅಚ್ಚಾಯಿತು. 1953ರಲ್ಲಿ ಅವರಿಗೂ ನೊಬೆಲ್ ಸಂದಿತು. ಇಂದು ಪಿಯುಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಆ ಚಕ್ರ ಮೊದಲು ಹೊಳೆದದ್ದು ಒಂದು ಹಕ್ಕಿಯ ಹಾರಾಟದ ಸ್ನಾಯುವಿನಲ್ಲಿ ಎಂಬುದನ್ನು ಪಾಠದಲ್ಲಿ ಹೇಳುವುದು ಅಪರೂಪ. ಕೋಳಿಯ ಬಿಳಿ ಎದೆಯನ್ನು ಕೊಚ್ಚಿದ್ದರೆ ಆ ರಭಸದ ಉಸಿರಾಟ ಅಷ್ಟು ಸುಲಭವಾಗಿ ಕಾಣುತ್ತಿರಲಿಲ್ಲ.

ಇಷ್ಟಾದರೂ ಒಂದು ಮಾತು ಉಳಿದಿತ್ತು. ಇಡೀ ಸ್ನಾಯುವನ್ನು ಕೊಚ್ಚಿ ನೋಡಿದರೆ ಅದರ ಒಟ್ಟು ಗುಣ ತಿಳಿಯುತ್ತದೆಯೇ ಹೊರತು ಒಂದೊಂದು ಎಳೆಯ ಗುಣ ತಿಳಿಯದು. ಸ್ನಾಯುವೆಂಬುದು ಸಾವಿರಾರು ಎಳೆಗಳ ಕಟ್ಟು. ಆ ಎಳೆಗಳೆಲ್ಲ ಒಂದೇ ಬಗೆಯವೇ? ಈ ಪ್ರಶ್ನೆಯನ್ನು ಹಕ್ಕಿಗಳ ವಿಷಯದಲ್ಲಿ ಅತ್ಯಂತ ವಿಸ್ತಾರವಾಗಿ ಕೈಗೆತ್ತಿಕೊಂಡದ್ದು ಸ್ವಾತಂತ್ರ್ಯ ಬಂದ ಮೊದಲ ದಶಕದ ಬರೋಡ. 1949ರಲ್ಲಿ ಸ್ಥಾಪನೆಯಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಜೆ. ಸಿ. ಜಾರ್ಜ್ ಎಂಬ ಪ್ರಾಧ್ಯಾಪಕರು ತಮ್ಮ ಶಿಷ್ಯರೊಡನೆ ಹಕ್ಕಿಗಳ ಮತ್ತು ಬಾವಲಿಗಳ ಎದೆಯ ಸ್ನಾಯುಗಳನ್ನು ತೆಳುವಾಗಿ ಸೀಳಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ನೋಡತೊಡಗಿದರು.

ಅವರಿಗೆ ಪಾರಿವಾಳದ ಎದೆಯಲ್ಲಿ ಎರಡು ಬಗೆಯ ಎಳೆಗಳು ಕಂಡವು. ಹೆಚ್ಚಿನವು ಕಿರಿದಾದ ಕೆಂಪು ಎಳೆಗಳು. ಅವುಗಳ ನಡುವೆ ಅಲ್ಲಲ್ಲಿ ಅಗಲವಾದ ಬಿಳಿ ಎಳೆಗಳು. 1958ರಲ್ಲಿ ಜಾರ್ಜ್ ಮತ್ತು ಆರ್. ಎಂ. ನಾಯಿಕ್ ನೇಚರ್ ಪತ್ರಿಕೆಯಲ್ಲಿ ಇವುಗಳ ಇಂಧನದ ಭೇದವನ್ನು ಪ್ರಕಟಿಸಿದರು. ಬಿಳಿ ಎಳೆಯ ಉಗ್ರಾಣದಲ್ಲಿರುವುದು ಗ್ಲೈಕೋಜನ್. ಕೆಂಪು ಎಳೆಯ ಉಗ್ರಾಣದಲ್ಲಿರುವುದು ಮುಖ್ಯವಾಗಿ ಕೊಬ್ಬು. ಸ್ನಾಯು ದುಡಿಯುವುದು ಸಕ್ಕರೆಯ ಬಲದಿಂದಲೇ ಎಂಬ ಅಭಿಪ್ರಾಯ ಬಲವಾಗಿದ್ದ ಕಾಲವದು. ದೀರ್ಘಕಾಲ ದುಡಿಸಿದ ಪಾರಿವಾಳದ ಎದೆಯಲ್ಲಿ ಕೊಬ್ಬಿನಂಶ ಇಳಿಯುತ್ತದೆಂದು ಬರೋಡದ ಪ್ರಯೋಗಗಳು ತೋರಿಸಿದವು. ಇದರ ಹಿಂದಿನ ಲೆಕ್ಕ ಸರಳವಾದದ್ದು. ಒಂದು ಗ್ರಾಂ ಕೊಬ್ಬು ಸುಮಾರು ಒಂಬತ್ತು ಕಿಲೋಕ್ಯಾಲರಿ ಕೊಟ್ಟರೆ ಒಂದು ಗ್ರಾಂ ಪಿಷ್ಟ ಪದಾರ್ಥ ಕೊಡುವುದು ನಾಲ್ಕು. ಅದರ ಮೇಲೆ ಗ್ಲೈಕೋಜನ್ ತನ್ನೊಡನೆ ನೀರಿನ ಭಾರವನ್ನೂ ಹೊರುತ್ತದೆ. ದೂರ ಹಾರಬೇಕಾದ ಹಕ್ಕಿ ಹಗುರವಾದ ಬುತ್ತಿಯನ್ನೇ ಕಟ್ಟಿಕೊಳ್ಳಬೇಕು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಪಶ್ಚಿಮ ಭಾರತಕ್ಕೆ ಬರುವ ಗುಲಾಬಿ ಕಬ್ಬಕ್ಕಿಯ ಎದೆಯನ್ನೂ ಬರೋಡದವರು ಇದೇ ದೃಷ್ಟಿಯಿಂದ ಅಭ್ಯಸಿಸಿದರು.

ಅದೇ ಗುಂಪು ಹಲವು ಜಾತಿಯ ಹಕ್ಕಿಗಳ ಎದೆಯನ್ನು ಎಳೆಗಳ ಮಿಶ್ರಣಕ್ಕನುಗುಣವಾಗಿ ವರ್ಗಗಳಾಗಿ ಜೋಡಿಸಿತು. ಸಾಲಿನ ಒಂದು ತುದಿಯಲ್ಲಿ ಸಾಕುಕೋಳಿ, ಬಿಳಿ ಎಳೆಗಳ ಪ್ರಾಬಲ್ಯ, ಇನ್ನೊಂದು ತುದಿಯಲ್ಲಿ ಝೇಂಕಾರದ ಹಕ್ಕಿ, ನಡುವೆ ಪಾರಿವಾಳದಂಥವು. ಜಾರ್ಜ್ ಅವರು ಆಂಡ್ರ್ಯೂ ಬರ್ಜರ್ ಅವರೊಡನೆ ಬರೆದ ಏವಿಯನ್ ಮಯಾಲಜಿ ಎಂಬ ಗ್ರಂಥ 1966ರಲ್ಲಿ ಹೊರಬಂತು. ಹಕ್ಕಿಗಳ ಸ್ನಾಯುವಿನ ವಿಷಯದಲ್ಲಿ ಅದು ಬಹುಕಾಲ ಆಕರಗ್ರಂಥವಾಗಿತ್ತು. ಜಾರ್ಜ್ ಮುಂದೆ ಕೆನಡಾಕ್ಕೆ ಹೋದರು. ನಮ್ಮ ದೇಶದ ಒಂದು ಎಳೆಯ ವಿಶ್ವವಿದ್ಯಾಲಯ, ಮಾರುಕಟ್ಟೆಯಲ್ಲೂ ಛಾವಣಿಯಲ್ಲೂ ಸಿಗುವ ಹಕ್ಕಿಗಳನ್ನು ಹಿಡಿದು ವಿಶ್ವವೇ ಓದುವ ಕೆಲಸ ಮಾಡಿದ್ದನ್ನು ನಾವು ನೆನೆಯುವುದು ಕಡಿಮೆ.

ಅದೇ ಹೊತ್ತಿಗೆ ಬೇರೆಡೆಯ ಪ್ರಯೋಗಾಲಯಗಳಲ್ಲಿ ಕೋಳಿಯೂ ತನ್ನದೇ ಕಾರಣಗಳಿಂದ ಮುನ್ನೆಲೆಗೆ ಬಂದಿತ್ತು. ಕೋಳಿಯ ಬೆನ್ನಿನಿಂದ ರೆಕ್ಕೆಗೆ ಹಬ್ಬಿದ ಎರಡು ತೆಳು ಸ್ನಾಯುಪಟ್ಟಿಗಳಿವೆ, ಒಂದು ಮುಂದಿನದು, ಒಂದು ಹಿಂದಿನದು. ಮುಂದಿನ ಪಟ್ಟಿ ರೆಕ್ಕೆಯನ್ನು ಮಡಿಸಿ ಮೈಗಂಟಿಸಿಕೊಂಡಿರುವ ಕೆಲಸ ಮಾಡುತ್ತದೆ. ಹಗಲೆಲ್ಲ ಬಿಗಿಯಾಗಿ ನಿಲ್ಲುವುದೇ ಅದರ ಕೆಲಸ. 1960ರಲ್ಲಿ ಗಿನ್ಸ್‌ಬೋರ್ಗ್ ಎಂಬ ವಿಜ್ಞಾನಿ ಈ ಮುಂದಿನ ಪಟ್ಟಿಯ ಒಂದೊಂದು ಎಳೆಗೂ ಅದರ ಉದ್ದಕ್ಕೆ ಹಲವೆಡೆ ನರದ ತುದಿಗಳು ಬಂದು ಸೇರುವುದನ್ನು ವಿವರಿಸಿದರು. ಹಿಂದಿನ ಪಟ್ಟಿಯ ಎಳೆಗಳಲ್ಲಿ ನರ ಸೇರುವುದು ಒಂದೆಡೆ ಮಾತ್ರ. ಅವು ಥಟ್ಟನೆ ಕುಗ್ಗಿ ಸಡಿಲಗೊಳ್ಳುವ ಎಳೆಗಳು. ಬೆರಳಗಲದ ಅಂತರದಲ್ಲಿ, ಸಂಪೂರ್ಣ ಬೇರೆ ಸ್ವಭಾವದ ಎರಡು ಸ್ನಾಯುಗಳು! ಮುಂದೆ 1973ರಲ್ಲಿ ಅಮೆರಿಕದ ಸಂಶೋಧಕರು ಕೋಳಿಯ ರೆಕ್ಕೆಗೆ ತೂಕ ಕಟ್ಟಿ ಇಳಿಬಿಟ್ಟಾಗ ಆ ಮುಂದಿನ ಪಟ್ಟಿ ಕೆಲವೇ ವಾರಗಳಲ್ಲಿ ಬಹುವಾಗಿ ಬೆಳೆದುದನ್ನು ಕಂಡರು. ಎಳೆದರೆ ಬೆಳೆಯುವುದು ಸ್ನಾಯುವಿನ ಗುಣವೆಂಬುದಕ್ಕೆ ಇದು ಹೆಸರಾಂತ ಉದಾಹರಣೆಯಾಯಿತು.

ಎಳೆಯ ಬಗೆ ಜನ್ಮಸಿದ್ಧವೋ, ಬದಲಾಗುವಂಥದೋ ಎಂಬ ಪ್ರಶ್ನೆಗೂ ಅದೇ 1960ರಲ್ಲಿ ಒಂದು ಉತ್ತರ ಬಂತು. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಬುಲ್ಲರ್ ಮತ್ತು ಇಬ್ಬರು ಎಕ್ಲ್ಸ್‌ಗಳು ಬೆಕ್ಕಿನ ಕಾಲಿನಲ್ಲಿ ವೇಗದ ಸ್ನಾಯುವಿನ ನರವನ್ನು ನಿಧಾನದ ಸ್ನಾಯುವಿಗೂ, ನಿಧಾನದ್ದನ್ನು ವೇಗದ್ದಕ್ಕೂ ಬೆಸೆದರು. ಕಾಲಕ್ರಮದಲ್ಲಿ ಸ್ನಾಯುಗಳು ಹೊಸ ನರದ ಸ್ವಭಾವದ ಕಡೆಗೆ ವಾಲಿದವು. ಎಳೆಯ ಗುಣವನ್ನು ಅದಕ್ಕೆ ಬರುವ ಆದೇಶವೂ ರೂಪಿಸುತ್ತದೆಂದು ತಿಳಿಯಿತು. 1967ರಲ್ಲಿ ಮೈಕೆಲ್ ಬಾರಾನಿ ಸ್ನಾಯುವಿನ ವೇಗವು ಅದರ ಮಯೋಸಿನ್ ಎಂಬ ಪ್ರೋಟೀನು ಎಟಿಪಿಯನ್ನು ಒಡೆಯುವ ವೇಗಕ್ಕೆ ಹೊಂದಿಕೊಂಡಿದೆಯೆಂದು ತೋರಿಸಿದರು. 1970ರಲ್ಲಿ ಬ್ರೂಕ್ ಮತ್ತು ಕೈಸರ್ ಅದೇ ಗುಣವನ್ನು ಬಣ್ಣವಾಗಿ ಕಾಣಿಸುವ ವಿಧಾನದಿಂದ ಎಳೆಗಳನ್ನು ಒಂದನೆಯ ಬಗೆ, ಎರಡನೆಯ ಬಗೆಯ ಎ, ಎರಡನೆಯ ಬಗೆಯ ಬಿ ಎಂದು ವಿಂಗಡಿಸಿದರು. ಆ ಕಾಲದಲ್ಲೇ ನಿಧಾನದ ಉಸಿರಾಡುವ ಎಳೆ, ವೇಗದ ಉಸಿರಾಡುವ ಎಳೆ, ವೇಗದ ಸಕ್ಕರೆ ಒಡೆಯುವ ಎಳೆ ಎಂಬ ಇನ್ನೊಂದು ವಿಂಗಡಣೆಯೂ ಬಂತು.

ಈಗ ನಮ್ಮ ಎರಡು ಹಕ್ಕಿಗಳ ಲೆಕ್ಕ ಸರಿಹೊಂದಿತು. ಪಾರಿವಾಳದ ಎದೆಯ ಕೆಂಪು ಎಳೆ ವೇಗದ್ದೂ ಹೌದು, ಉಸಿರಾಡುವಂಥದ್ದೂ ಹೌದು. ಕೋಳಿಯ ಎದೆ ಬಹುಮಟ್ಟಿಗೆ ಎರಡನೆಯ ಬಗೆಯ ಬಿ ಎಳೆಗಳದು, ವೇಗವುಂಟು, ಬಾಳಿಕೆಯಿಲ್ಲ. ಕೋಳಿಯ ಕಾಲಿನಲ್ಲಿ ನಿಂತು ನಡೆದಾಡುವ ಕೆಲಸಕ್ಕೆ ತಕ್ಕ ಮಿಶ್ರಣ. ಕೋಳಿಯ ಪೂರ್ವಜರ ಬದುಕನ್ನು ನೆನೆದರೆ ಇದು ಕೊರತೆಯಾಗಿ ಕಾಣುವುದಿಲ್ಲ. ಪಶ್ಚಿಮ ಘಟ್ಟದ ಕಾಡಿನ ದಾರಿಯಲ್ಲಿ ನಡೆದವರಿಗೆ ಕಾಡುಕೋಳಿಯ ಹಾರಾಟ ಗೊತ್ತು. ಕಾಲಬುಡದಿಂದಲೇ ಎಂಬಂತೆ ಭರ್ರನೆ ಮೇಲೆದ್ದು, ಎದೆ ಝಲ್ಲೆನಿಸಿ, ಸ್ವಲ್ಪ ದೂರದ ಪೊದೆಯಾಚೆ ಇಳಿದುಬಿಡುತ್ತದೆ. ಅದಕ್ಕೆ ಬೇಕಾದದ್ದು ಕೆಲವು ಸೆಕೆಂಡುಗಳ ಸ್ಫೋಟದಂಥ ಬಲ. ಆ ಕೆಲಸಕ್ಕೆ ಅಗಲವಾದ ಬಿಳಿ ಎಳೆಯೇ ತಕ್ಕದ್ದು. ಸಾಕುಕೋಳಿಯ ಮುಖ್ಯ ಮೂಲವಾದ ಕೆಂಪು ಕಾಡುಕೋಳಿಯದೂ ಇದೇ ರೀತಿ. ಬಿಳಿ ಎದೆ ಒಂದು ಕಾಲಕ್ಕೆ ಪ್ರಾಣ ಉಳಿಸುವ ಆಯುಧವಾಗಿತ್ತು.

ಅದೇ ಬಿಳಿ ಎದೆ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಸರಕಾಯಿತು. ಎರಡನೆಯ ಮಹಾಯುದ್ಧ ಮುಗಿದೊಡನೆ ಅಮೆರಿಕದಲ್ಲಿ ನಾಳಿನ ಕೋಳಿ ಎಂಬ ಅರ್ಥದ ಹೆಸರಿನ ಸ್ಪರ್ಧೆ ಶುರುವಾಯಿತು. ಅಲ್ಲಿಯವರೆಗೆ ಕೋಳಿಮಾಂಸವೆಂದರೆ ಮೊಟ್ಟೆಯ ಕಸುಬಿನ ಉಪೋತ್ಪನ್ನ. ಅಗಲ ಎದೆಯ, ಬೇಗ ಬೆಳೆಯುವ, ಕಡಿಮೆ ತಿಂದು ಹೆಚ್ಚು ತೂಗುವ ಕೋಳಿಯನ್ನು ರೂಪಿಸುವುದು ಸ್ಪರ್ಧೆಯ ಗುರಿ. 1948 ಮತ್ತು 1951ರಲ್ಲಿ ರಾಷ್ಟ್ರಮಟ್ಟದ ಅಂತಿಮ ಸುತ್ತುಗಳು ನಡೆದವು. ಇಂದಿನ ಬ್ರಾಯ್ಲರ್ ಉದ್ಯಮಕ್ಕೆ ಅಡಿಪಾಯ ಬಿದ್ದದ್ದು ಆಗ. ಮುಂದಿನ ದಶಕಗಳ ಆಯ್ಕೆಯ ತಳಿಸಂವರ್ಧನೆಯ ಪರಿಣಾಮವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ನೇರವಾಗಿ ಅಳೆದು 2014ರಲ್ಲಿ ಪ್ರಕಟಿಸಿದರು. 1957 ಮತ್ತು 1978ರ ತಳಿಗಳನ್ನು ಅವರು ಬದಲಾಗದಂತೆ ಕಾಪಾಡಿಕೊಂಡು ಬಂದಿದ್ದರು. ಅವನ್ನೂ 2005ರ ತಳಿಯನ್ನೂ ಒಂದೇ ಮೇವು ಕೊಟ್ಟು ಬೆಳೆಸಿದಾಗ 56ನೆಯ ದಿನದ ಸರಾಸರಿ ತೂಕ ಕ್ರಮವಾಗಿ 905 ಗ್ರಾಂ, 1808 ಗ್ರಾಂ ಮತ್ತು 4202 ಗ್ರಾಂ. ಮೇವು ಒಂದೇ, ದಿನಗಳು ಅಷ್ಟೇ, ಬದಲಾದದ್ದು ಹಕ್ಕಿ. ಹೆಚ್ಚಿದ ತೂಕದಲ್ಲಿ ಎದೆಯ ಪಾಲು ವಿಶೇಷವಾಗಿ ದೊಡ್ಡದು.

ಈ ಬೆಳವಣಿಗೆ ಎಲ್ಲಿಂದ ಬಂತೆಂದು ಕೇಳಿದರೆ ಎಳೆಗಳ ಚರಿತ್ರೆಗೇ ಮರಳಬೇಕು. ಕೋಳಿಮರಿ ಮೊಟ್ಟೆಯೊಡೆದು ಬರುವ ಹೊತ್ತಿಗೆ ಅದರ ಸ್ನಾಯುವಿನ ಎಳೆಗಳ ಸಂಖ್ಯೆ ಬಹುಮಟ್ಟಿಗೆ ನಿಶ್ಚಿತವಾಗಿರುತ್ತದೆ. ಆಮೇಲಿನ ಬೆಳವಣಿಗೆಯೆಂದರೆ ಇದ್ದ ಎಳೆಗಳೇ ದಪ್ಪವಾಗುವುದು, ಉದ್ದವಾಗುವುದು. ದಪ್ಪವಾಗಲು ತಕ್ಕ ಎಳೆ ಬಿಳಿಯದು. ಕೆಂಪು ಎಳೆ ಕಿರಿದಾಗಿರುವುದಕ್ಕೆ ಕಾರಣವಿದೆ. ಆಮ್ಲಜನಕ ಹೊರಗಿನ ಲೋಮನಾಳದಿಂದ ಎಳೆಯ ನಡುವಿನವರೆಗೆ ಸಾಗಬೇಕು. ಬಿಳಿ ಎಳೆಗೆ ಆ ಕಟ್ಟುಪಾಡು ಸಡಿಲ. ಆದರೆ ಸಡಿಲವೆಂದರೆ ಇಲ್ಲವೆಂದಲ್ಲ. ಎಳೆಗಳು ದಪ್ಪವಾದಂತೆ ಅವುಗಳ ನಡುವಿನ ಲೋಮನಾಳಗಳು ದೂರ ದೂರವಾದವು. ಆಮ್ಲಜನಕ ತಲಪುವುದೂ ಕಷ್ಟ, ಒಳಗೆ ಹುಟ್ಟಿದ ಲ್ಯಾಕ್ಟಿಕ್ ಆಮ್ಲ ಹೊರಹೋಗುವುದೂ ಕಷ್ಟ.

ಇದರ ಫಲ ಕಾಣತೊಡಗಿದೆ. ರೆಕ್ಕೆಯನ್ನು ಮೇಲೆತ್ತುವ ಒಳ ಎದೆಯ ಸ್ನಾಯುವೊಂದಿದೆ. ಅದು ಮೂಳೆ ಮತ್ತು ಗಟ್ಟಿ ಪೊರೆಯ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಭಾರವಾಗಿ ಬೆಳೆದ ಟರ್ಕಿ ಕೋಳಿ ಅಥವಾ ಬ್ರಾಯ್ಲರ್ ಗಾಬರಿಯಿಂದ ರೆಕ್ಕೆ ಬಡಿದಾಗ ಆ ಸ್ನಾಯು ಉಬ್ಬುತ್ತದೆ, ಉಬ್ಬಲು ಎಡೆಯಿಲ್ಲದೆ ಅದರ ರಕ್ತಸಂಚಾರವೇ ನಿಲ್ಲುತ್ತದೆ, ಸ್ನಾಯು ಒಳಗೇ ಸತ್ತು ಹಸಿರಾಗುತ್ತದೆ. 1960ರ ದಶಕದಲ್ಲಿ ಟರ್ಕಿ ಕೋಳಿಗಳಲ್ಲಿ ಗುರುತಿಸಲಾದ ಈ ರೋಗಕ್ಕೆ ಹಸಿರು ಸ್ನಾಯು ರೋಗವೆಂದೇ ಹೆಸರು. ರೆಕ್ಕೆಯೆತ್ತಲೆಂದೇ ಇರುವ ಸ್ನಾಯು ರೆಕ್ಕೆಯೆತ್ತಿದ ಕಾರಣಕ್ಕೇ ಸಾಯುವ ಸ್ಥಿತಿ ಇದು. 2014ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಇನ್ನೊಂದನ್ನು ವಿವರಿಸಿದರು. ಬ್ರಾಯ್ಲರ್ ಕೋಳಿಯ ದೊಡ್ಡ ಎದೆಸ್ನಾಯು ಮರದ ಹಲಗೆಯಂತೆ ಸೆಡೆತು, ಎಳೆಗಳು ನಶಿಸಿ, ಆ ಜಾಗದಲ್ಲಿ ನಾರಿನ ಅಂಗಾಂಶ ತುಂಬಿಕೊಳ್ಳುತ್ತದೆ. ಅದನ್ನು ಮರದೆದೆ ಎನ್ನಬಹುದು. ಎದೆಯ ಮಾಂಸದಲ್ಲಿ ಕೊಬ್ಬಿನ ಬಿಳಿ ಗೀರುಗಳು ಮೂಡುವ ದೋಷವೂ ಇದರ ಜೊತೆಗಾರ. ಕಾಲಿನ ಸ್ನಾಯುಗಳಿಗಿಂತ ಎದೆಗೇ ಈ ಬಾಧೆ ಹೆಚ್ಚೆಂಬುದು ಗಮನಿಸತಕ್ಕ ವಿಷಯ.

ಇದನ್ನು ಹೇಳುವಾಗ ಏಕಪಕ್ಷೀಯನಾಗಬಾರದು. ವರ್ಷಕ್ಕೆ ಒಂದೆರಡು ಹಬ್ಬಕ್ಕಷ್ಟೇ ಕೋಳಿ ಕೊಯ್ಯುತ್ತಿದ್ದ ಎಷ್ಟೋ ಮನೆಗಳಿಗೆ ಪ್ರೋಟೀನು ಅಗ್ಗವಾಗಿ ದೊರಕಿದ್ದು ಈ ಹಕ್ಕಿಯಿಂದಲೇ. ಊರು ಬಿಟ್ಟು ಬಂದು ಸಣ್ಣ ಕೋಣೆಗಳಲ್ಲಿ ಅಡುಗೆ ಮಾಡಿಕೊಂಡ ನಮ್ಮವರಿಗೂ ಅದು ಆಸರೆಯಾಗಿದೆ. ಊರಿನ ನೆನಪಿನಲ್ಲಿ ನಾವು ನಾಟಿ ಕೋಳಿಯ ರುಚಿಯನ್ನು ಹೊಗಳುವಾಗಲೂ ಅದರ ಕಾರಣ ತಿಳಿದಿರುವುದು ಒಳ್ಳೆಯದು. ನಾಟಿ ಕೋಳಿ ನಿಧಾನವಾಗಿ ಬೆಳೆಯುತ್ತದೆ, ಹಿತ್ತಲೆಲ್ಲ ಓಡಾಡುತ್ತದೆ, ಹೆಚ್ಚು ದಿನ ಬದುಕಿದ ಮೇಲೆ ಅಡುಗೆಮನೆಗೆ ಬರುತ್ತದೆ. ವಯಸ್ಸಾದಂತೆ ಮಯೋಗ್ಲೋಬಿನ್ ಹೆಚ್ಚುತ್ತದೆ, ಎಳೆಗಳನ್ನು ಕಟ್ಟಿಡುವ ನಾರು ಬಲಿಯುತ್ತದೆ. ಅದಕ್ಕೇ ಆ ಮಾಂಸದ ಬಣ್ಣ ಗಾಢ, ಬೇಯಿಸಲು ಹೊತ್ತು ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿ ಇಂಥ ಹಿತ್ತಲ ಬದುಕಿಗೆ ಹೊಂದುವ ಹಕ್ಕಿಯನ್ನು ಕೊಡುವ ಪ್ರಯತ್ನವಾಗಿತ್ತು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿಯ ಮಾಂಸ ಕಪ್ಪಾಗಿರುವುದನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು. ಅಲ್ಲಿರುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ದುಡಿಮೆಯ ಕೆಂಪಲ್ಲ.

ಲೊರೆಂಜಿನಿಯಿಂದ ಬರೋಡದವರೆಗಿನ ಕೆಲಸವನ್ನು ಒಟ್ಟಾಗಿ ನೋಡಿದರೆ ಒಂದು ಮಾತು ನಿಲ್ಲುತ್ತದೆ. ಸ್ನಾಯುವಿನ ಎಳೆ ಅದಕ್ಕೆ ಒದಗಿದ ಕೆಲಸಕ್ಕೆ ತಕ್ಕಂತೆ ರೂಪುಗೊಂಡಿದೆ. ಬಣ್ಣ, ಗಾತ್ರ, ಇಂಧನ, ರಕ್ತನಾಳ, ನರ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡಿವೆ. ಪಾರಿವಾಳದಲ್ಲಿ ಆ ಹೊಂದಾಣಿಕೆ ಉಳಿದಿದೆ. ಬ್ರಾಯ್ಲರ್ ಕೋಳಿಯಲ್ಲಿ ನಾವು ಗಾತ್ರವೊಂದನ್ನೇ ಹಿಡಿದೆಳೆದೆವು. ಉಳಿದವು ಅದರೊಡನೆ ಹೆಜ್ಜೆ ಹಾಕಲಾರದೆ ಹಿಂದೆ ಬಿದ್ದವು. ಈಗ ತಳಿಸಂವರ್ಧಕರೇ ಎದೆಯ ದೋಷಗಳಿಲ್ಲದ, ನಿಧಾನವಾಗಿ ಬೆಳೆಯುವ ಹಕ್ಕಿಗಳತ್ತ ಮತ್ತೆ ನೋಡುತ್ತಿದ್ದಾರೆ. ಅವರಿಗೆ ಬೇಕಾದ ತಿಳಿವಳಿಕೆಯಲ್ಲಿ ಒಂದು ಪಾಲು ಬರೋಡದ ಆ ಹಳೆಯ ಗಾಜಿನ ಪಟ್ಟಿಗಳ ಮೇಲೆ ಕಿರಿದಾದ ಕೆಂಪು ಎಳೆಯಾಗಿ, ಅಗಲವಾದ ಬಿಳಿ ಎಳೆಯಾಗಿ ಆಗಲೇ ಕಂಡಿತ್ತು.

ಮುಂದಿನ ಸಲ ಮಾರುಕಟ್ಟೆಯಲ್ಲಿ ಷಟರಿನ ಸದ್ದಿಗೆ ಪಾರಿವಾಳಗಳು ಮೇಲೆದ್ದಾಗ ಸಜ್ಜೆಯ ಕೆಳಗಿನ ಪಂಜರದ ಕಡೆಗೂ ಒಮ್ಮೆ ನೋಡಬೇಕು. ಸದ್ದು ಕೇಳಿದೊಡನೆ ಅಲ್ಲಿಯೂ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ. ಭರ್ರನೆ ಮೇಲೇಳಬೇಕೆಂಬ ಕಾಡುಕೋಳಿಯ ಆದೇಶ ನರದಲ್ಲಿ ಈಗಲೂ ಹರಿದು ಬರುತ್ತದೆ; ಅದನ್ನು ನಡೆಸಿಕೊಡಲು ಆ ಎದೆಗೆ ಈಗ ಆಗುವುದಿಲ್ಲ.